ಬರಿಗೈಯಲ್ಲಿ ಹೋಗಬಾರದು

ವೇಣೂರು ದಾಟಿದ ಮೇಲೆ ಹುಂಜ ಸುಮ್ಮನಾಯಿತು. ಅಲ್ಲಿಯವರೆಗೆ ಅದು ಪ್ರತಿಯೊಂದು ತಿರುವಿನಲ್ಲೂ ಗೊಬ್ಬರದ ಚೀಲದೊಳಗೆ ಕಾಲು ಕೊಡವುತ್ತ, ಅಪ್ಪ ಬ್ಲೇಡಿನಲ್ಲಿ ಕೊಯ್ದುಕೊಟ್ಟ ತೂತಿನಿಂದ ಹೊರಬಂದ ಕುತ್ತಿಗೆಯನ್ನು ಆಚೆ ಈಚೆ ತಿರುಗಿಸುತ್ತ, ಬಸ್ಸಿನಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ ಕೊಕ್ಕೊಕ್ ಎನ್ನುತ್ತಿತ್ತು. ಇಸ್ತ್ರಿ ಹಾಕಿದ ಕಾಟನ್ ಚೂಡಿದಾರ, ಮಡಿಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಕಾಲಡಿಯಲ್ಲಿ ಹುಂಜ. ದೀಪಶ್ರೀಗೆ ತನ್ನನ್ನು ತಾನೇ ಎದುರಿನ ಸೀಟಿನಿಂದ ನೋಡುತ್ತಿರುವ ಹಾಗೆ ಅನಿಸುತ್ತಿತ್ತು. ಕಂಡಕ್ಟರ್ ನಿಝಾರ್ ವಾರವಿಡೀ ಅವಳು ಕಾಲೇಜಿಗೆ ಹೋಗುವ ಬಸ್ಸಿನಲ್ಲಿರುವವನು, ಇವತ್ತು ಭಾನುವಾರವಾದ್ದರಿಂದ ಈ ರೂಟಿಗೆ ಬಂದಿದ್ದ. ಚೀಲ ನೋಡಿ, "ಮೇಡಂ, ಹೊಸ ಅಡ್ಮಿಶನಾ?" ಎಂದ. ಸುತ್ತಲಿನವರು ನಕ್ಕರು. ಅವಳೂ ನಕ್ಕಳು. ನಗದಿದ್ದರೆ ಕೊಬ್ಬು ಎನ್ನುತ್ತಾರೆ. ನಕ್ಕ ಮೇಲೆ ಬಹಳ ಹೊತ್ತು ಕೆನ್ನೆ ಬಿಸಿಯಾಗಿಯೇ ಇತ್ತು. ಅಪ್ಪನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಪ್ಪ ಗುರುವಪ್ಪ ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದವನೇ ಗೂಡಿಗೆ ಕೈಹಾಕಿ ಅದನ್ನು ಹಿಡಿದಿದ್ದ. ದೊಡ್ಡವರ ಮನೆಗೆ ಮೊದಲ ಸಲ ಹೋಗುವಾಗ ಬರಿಗೈಯಲ್ಲಿ ಹೋಗಬಾರದು ಎನ್ನುವುದು ಅವನಿಗೆ ಯಾರೂ ಕಲಿಸಿಕೊಡಬೇಕಾದ ವಿಷಯವಲ್ಲ. ಅವನ ಅಪ್ಪ ಊರ ಜಮೀನ್ದಾರರ ಗುತ್ತಿನ ಮನೆಗೆ ಹೋಗುತ್ತಿದ್ದದ್ದು ಹಾಗೆ, ಅವನು ಪಂಚಾಯತ್ ಮೆಂಬರರ ಮನೆಗೆ ಹೋಗುವುದು ಹಾಗೆ. ಹಣ್ಣು ತೆಗೆದುಕೊಂಡು ಹೋಗುತ್ತೇನೆ ಎಂದು ಅವಳು ಹೇಳಿದ್ದಕ್ಕೆ, ಹಣ್ಣು ಆಸ್ಪತ್ರೆಗೆ ಕೊಂಡುಹೋಗುವುದು ಎಂದುಬಿಟ್ಟ. ಮೇಲಾಗಿ ಅವಳು ನೋಡಲು ಹೊರಟಿದ್ದ ಸರ್ ಹೆಸರು ಹೆಗ್ಡೆ. ಇವರ ಊರಿನ ಗುತ್ತಿನವರೂ ಹೆಗ್ಡೆಯವರೇ, ಬಂಟರು, ಕೋಳಿಯಿಲ್ಲದ ಭಾನುವಾರವನ್ನು ಭಾನುವಾರವೆಂದೇ ಲೆಕ್ಕಕ್ಕೆ ಹಿಡಿಯದವರು. "ಪೇಟೆಯಲ್ಲಿರುವವರಿಗೆ ಊರಿನ ಕೋಳಿ ಎಲ್ಲಿ ಸಿಗ್ತದೆ ಮಗಾ, ಬ್ರಾಯ್ಲರ್ ತಿಂದು ತಿಂದು ಸಾಕಾಗಿರ್ತದೆ ಅವರಿಗೆ" ಎಂದು ಅಪ್ಪ ಹೇಳುವಾಗ ಅವಳು ಬೇಡವೆಂದು ಗಟ್ಟಿಯಾಗಿ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ಗುರುವಾಯನಕೆರೆಯಿಂದ ಇಲ್ಲಿಯವರೆಗೆ ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮನಸ್ಸಿನ ಒಂದು ಮೂಲೆಯಲ್ಲೂ ಅದೇ ಲೆಕ್ಕ ನಡೆದಿತ್ತು. ಇ-ಮೇಲಿನ ಕೆಳಗೆ ಎಸ್. ಹೆಗ್ಡೆ ಎಂದು ಕಂಡ ಕೂಡಲೇ ಅವಳೂ ಅವರನ್ನು ಒಂದು ಗೂಡಿಗೆ ಹಾಕಿ ಬಾಗಿಲು ಮುಚ್ಚಿದ್ದಳು. ಆ ಹುಂಜವನ್ನು ಮರಿಯಿಂದ ಸಾಕಿದವನು ಅಪ್ಪನೇ. ತೋಟದಿಂದ ಅವನು ಬರುವ ಹೊತ್ತಿಗೆ ಅದು ಅಂಗಳದ ಕೊನೆಯವರೆಗೆ ಹೋಗಿ ನಿಂತು, ಅವನ ಹಿಂದೆಯೇ ಮನೆಗೆ ಬರುತ್ತಿತ್ತು. ಚೀಲಕ್ಕೆ ಹಾಕುವಾಗ ತೂತಿನೊಳಗೆ ಎರಡು ಬೆರಳು ತೂರಿಸಿ ಅಗಲ ಸಾಕೇ ಎಂದು ನೋಡಿದ. "ಕುತ್ತಿಗೆ ಹೊರಗೆ ಇರಬೇಕು. ಪ್ಲಾಸ್ಟಿಕ್ ಚೀಲ, ಒಳಗೆ ಕಾವು ಜಾಸ್ತಿ" ಎಂದ. ಅವಳು ಕನ್ನಡಿಯ ಮುಂದೆ ನಿಂತು ಪಿನ್ ಹಾಕಿಕೊಳ್ಳುತ್ತ ಹೂಂ ಎಂದಿದ್ದಳು.

ಈ ಎಸ್. ಹೆಗ್ಡೆಯವರು ಉತ್ತರ ಬರೆದದ್ದೇ ಒಂದು ಆಶ್ಚರ್ಯ. ಪಿಎಚ್‌ಡಿಯ ಪ್ರವೇಶ ಪರೀಕ್ಷೆ ಪಾಸಾಗಿ ಅವಳಿಗೆ ಮೂರು ವರ್ಷವಾಗುತ್ತ ಬಂದಿತ್ತು. ಈ ಜೂನ್ ಕಳೆದರೆ ಆ ಪಾಸು ಹಳೆಯ ಕ್ಯಾಲೆಂಡರಿನ ಹಾಗೆ. ಅಷ್ಟರೊಳಗೆ ಯಾರಾದರೂ ಒಬ್ಬರು ಗೈಡ್ ಆಗುತ್ತೇನೆ ಎಂದು ಒಪ್ಪಬೇಕು. ಇಲ್ಲದಿದ್ದರೆ ಉಜಿರೆ ಕಡೆಯ ಆ ಸಣ್ಣ ಕಾಲೇಜಿನಲ್ಲಿ ಅವಳು ಗೆಸ್ಟ್ ಆಗಿ ಮಾಡುತ್ತಿರುವ ಪ್ರಾಣಿಶಾಸ್ತ್ರದ ಪಾಠವೂ ಹೋಗುತ್ತದೆ. ಪಿಎಚ್‌ಡಿಗೆ ಸೇರದವರನ್ನು ಮುಂದಿನ ವರ್ಷ ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರು, ಅವಳ ಕಡೆ ಮಾತ್ರ ನೋಡದೆ ಹೇಳಿದ್ದರು. ಬರೆದ ಇ-ಮೇಲುಗಳಿಗೆ ಲೆಕ್ಕವಿಲ್ಲ. ಗೌರವಾನ್ವಿತ ಸರ್, ನಾನು ನೇತ್ರಾವತಿಯ ಮರಳಿನಡಿಯಲ್ಲಿ ಬದುಕುವ ಚಿಪ್ಪುಜೀವಿಗಳ ಬಗ್ಗೆ ಎಂದು ಶುರುವಾಗುವ ಆ ಪ್ಯಾರಾಗಳು ಅವಳಿಗೆ ಬಾಯಿಪಾಠ. ಕಳಿಸಿದ ಮೇಲೆ ಪಾಠದ ನಡುವೆ, ಊಟದ ನಡುವೆ ಫೋನ್ ತೆಗೆದು ನೋಡುವುದು, ಏನೂ ಇಲ್ಲದಿರುವುದು. ಒಮ್ಮೆ ಹೆಸರು ಬದಲಾಯಿಸಲು ಮರೆತು ಒಬ್ಬರಿಗೆ ಇನ್ನೊಬ್ಬರ ಹೆಸರಿನಲ್ಲಿ ಕಳಿಸಿಬಿಟ್ಟಳು. ಅದೊಂದಕ್ಕೆ ಮಾತ್ರ ಕೂಡಲೇ ಉತ್ತರ ಬಂತು, ಹಾಗಾದರೆ ಅವರನ್ನೇ ಕೇಳಿ ಎಂದು. ಒಬ್ಬ ಮೇಡಂ ಫೋನಿನಲ್ಲಿ ಮದುವೆಯ ವಿಷಯ ಕೇಳಿದರು, ನಡುವಿನಲ್ಲಿ ಬಿಟ್ಟುಹೋಗುವವರಿಗೆ ಸೀಟು ಕೊಟ್ಟು ಕೊಟ್ಟು ತಮಗೆ ಸಾಕಾಗಿದೆ ಎಂದರು. ಇನ್ನೊಬ್ಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ತಂದೆಯ ಹೆಸರು ಗುರುವಪ್ಪ, ಗುರುವಪ್ಪ ಏನು ಎಂದು ಕೇಳಿದ್ದರು. ಗುರುವಪ್ಪ ಅಷ್ಟೆ ಸರ್ ಎಂದಿದ್ದಳು. ಅವರು ನಕ್ಕು, ಯಾವ ಊರು, ಯಾರ ಪೈಕಿ ಎಂದು ಸುತ್ತಿಬಳಸಿ ಮತ್ತೆ ಅಲ್ಲಿಗೇ ಬಂದರು. ಆ ದಿನ ಬಂಟ್ವಾಳದಲ್ಲಿ ಬಸ್ಸಿಗೆ ಕಾಯುತ್ತ, ಕಣ್ಣಿಗೆ ಧೂಳು ಬಿದ್ದವಳಂತೆ ಕರ್ಚೀಫು ಹಿಡಿದು ಅತ್ತಿದ್ದಳು. ಹೆಗ್ಡೆಯವರು ಅದೊಂದನ್ನೂ ಕೇಳಲಿಲ್ಲ. ಭಾನುವಾರ ಮನೆಯಲ್ಲಿರುತ್ತೇನೆ, ಹೊಳೆಯಲ್ಲಿ ನೀವು ಎಣಿಸಿ ಬರೆದ ಹಾಳೆಗಳನ್ನು ಹಿಡಿದುಕೊಂಡು ಬನ್ನಿ ಎಂದಷ್ಟೆ ಬರೆದು, ಕೆಳಗೆ ಫೋನ್ ನಂಬರ್ ಕೊಟ್ಟಿದ್ದರು. ಮನೆಯಿರುವ ಗುಡ್ಡದಲ್ಲಿ ಅವಳ ಫೋನಿಗೆ ರೇಂಜ್ ಸಿಗುವುದಿಲ್ಲ. ಹಾಗಾಗಿ ದಾರಿ ಕೇಳಿದ್ದು ಅಪ್ಪನ ಫೋನಿನಿಂದ.

ಮೂಡುಬಿದಿರೆಯಲ್ಲಿ ಇಳಿದು ರಿಕ್ಷಾ ಹಿಡಿದಳು. ಮಿಜಾರಿನ ಕಡೆ ಹೋಗುವ ರಸ್ತೆಯಿಂದ ಒಳಗೆ, ಹಂಚಿನ ಮಾಡಿಗೆ ಮುಂದೊಂದು ತಾರಸಿ ಸೇರಿಸಿದ ಮನೆ. ಗೇಟು ತೆರೆದೇ ಇತ್ತು. ಒಂದು ಕೈಯಲ್ಲಿ ಚೀಲ ಹಿಡಿದು ಒಳಗೆ ಕಾಲಿಟ್ಟವಳು ಅಂಗಳದ ನಲ್ಲಿಯನ್ನು ನೋಡಿದಳು. ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು, ನೀರಿನೊಂದಿಗೆ ಹುಳ ಹುಪ್ಪಟೆ ಬಂದು ಸಾಯಬಾರದೆಂದು. ಆಮೇಲೆ ತಲೆಯೆತ್ತಿ ನೋಡಿದರೆ ಬಾಗಿಲ ಮೇಲೆ ಬಾಹುಬಲಿಯ ಪಟ. ಅದರ ಕೆಳಗಿನ ಹಲಗೆಯಲ್ಲಿ ಡಾ. ಶೋಧನ್ ಹೆಗ್ಡೆ. ಮೂಡುಬಿದಿರೆಯ ಹೆಗ್ಡೆಯೆಂದರೆ ಜೈನರಾಗಿರಬಹುದು ಎನ್ನುವುದು ಈ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತು, ಅವಳಿಗೂ ಗೊತ್ತು. ಬಸದಿ ನೋಡಲು ಶಾಲೆಯಿಂದ ಕರೆದುಕೊಂಡು ಬಂದದ್ದು ಇದೇ ಊರಿಗೆ. ಗೊತ್ತಿದ್ದೂ ಹೊಳೆಯಲಿಲ್ಲ. ಊರ ಗುತ್ತಿನವರ ಊಟವನ್ನು ಇವರ ತಟ್ಟೆಗೆ ಬಡಿಸಿ, ಒಂದು ಜೀವವನ್ನು ಚೀಲದಲ್ಲಿ ಕಟ್ಟಿ ಹೊತ್ತುಕೊಂಡು ಬಂದು ಇವರ ಅಂಗಳದಲ್ಲಿ ನಿಂತಿದ್ದಾಳೆ, ನನ್ನನ್ನು ಯಾರ ಪೈಕಿ ಎಂದು ಕೇಳಬೇಡಿ ಎಂದು ಅತ್ತವಳು. ಒಳಗೆ ಕುರ್ಚಿ ಸರಿದ ಸದ್ದಾಯಿತು. ಯೋಚಿಸಲು ಹೊತ್ತಿರಲಿಲ್ಲ. ಗೇಟಿನ ಬದಿಯ ಕ್ರೋಟನ್ ಗಿಡಗಳ ಹಿಂದೆ, ಕಂಪೌಂಡಿನ ಗೋಡೆಗೆ ತಾಗಿಸಿ ಚೀಲ ಇಟ್ಟಳು. ಹುಂಜ ಅವಳನ್ನು ಒಂದೇ ಕಣ್ಣಿನಿಂದ ನೋಡಿತು.

ಸರ್ ಅಪ್ಪನ ಪ್ರಾಯದವರು, ಬನಿಯನ್ನಿನ ಮೇಲೆ ಅವಸರದಲ್ಲಿ ಅಂಗಿ ಹಾಕಿಕೊಂಡು ಗುಂಡಿಯನ್ನು ಒಂದು ತೂತು ತಪ್ಪಿಸಿದ್ದರು. ಅದನ್ನು ನೋಡಿ ಅವಳಿಗೆ ಸ್ವಲ್ಪ ಧೈರ್ಯ ಬಂತು. ಬನ್ನಿ ಬನ್ನಿ ಎಂದು ಕೂರಿಸಿದರು. ದಾರಿಯಲ್ಲಿ ಕಷ್ಟವಾಯಿತಾ, ಬಸ್ಸಿನಲ್ಲಿ ಸೀಟು ಸಿಕ್ಕಿತಾ ಎಂದು ಕೇಳಿದರು. "ಕೈಯಲ್ಲಿ ಸಾಮಾನು ಏನಾದರೂ ಇತ್ತಾ? ಭಾರ ಹೊತ್ತುಕೊಂಡು ಬಂದಿರಾ?" ಎಂದರು. ಇಲ್ಲ ಸರ್, ಈ ಬ್ಯಾಗು ಮಾತ್ರ ಎಂದಳು. ಅವರು ಸಣ್ಣಗೆ ನಕ್ಕರು. ಸಂಕೋಚದ ಹುಡುಗಿ ಎಂದುಕೊಂಡಿರಬೇಕು ಎಂದು ಅವಳು ಆಗ ಅಂದುಕೊಂಡಳು. ಸರ್ ತಾಯಿ, ಬಿಳಿ ಸೀರೆಯ ಸಣ್ಣ ಮುದುಕಿ, ಪುನರ್ಪುಳಿ ಶರಬತ್ತು ತಂದು ಕೊಟ್ಟು ಎದುರಿನ ಬೆಂಚಿನಲ್ಲಿ ಕೂತು, ಹೊತ್ತು ಮುಳುಗುವ ಮೊದಲೇ ನಮ್ಮ ಊಟ ಆಗ್ತದೆ, ನೀನೂ ಉಂಡು ಹೋಗು ಎಂದು ತುಳುವಿನಲ್ಲಿ ಹೇಳಿದರು. ಯಾವ ಊರು ಎಂದು ಅವರೂ ಕೇಳಿದರು. ಊರಿನ ಹೆಸರು ಹೇಳಿದ ಮೇಲೆ, ಅಲ್ಲಿ ನೀರಿಗೆ ಬರಗಾಲ ಇಲ್ಲವಲ್ಲ ಎಂದು ಕೇಳಿದರು. ಅದಕ್ಕಿಂತ ಮುಂದೆ ಹೋಗಲಿಲ್ಲ. ಮುಂದಿನ ಪ್ರಶ್ನೆಗೆ ಮೈಯೆಲ್ಲ ಬಿಗಿಹಿಡಿದು ಕೂತಿದ್ದವಳಿಗೆ ಅದು ಬಾರದಿದ್ದಾಗ ಕೈಕಾಲು ಎಲ್ಲಿಡುವುದೆಂದು ಗೊತ್ತಾಗಲಿಲ್ಲ.

ಹಾಳೆಗಳನ್ನು ಅವರು ಓದಿದರು. ಮೂರು ವರ್ಷದಲ್ಲಿ ಅವಳು ಬರೆದದ್ದನ್ನು ಯಾರಾದರೂ ಓದುವುದನ್ನು ಅವಳು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು. ಬೆರಳಿಟ್ಟು, ಸಾಲು ಸಾಲಾಗಿ, ತುಟಿ ಅಲ್ಲಾಡಿಸುತ್ತ. ನರಿಕೊಂಬಿನಲ್ಲಿ ಚಿಕ್ಕಮ್ಮನ ಮನೆ ಹೊಳೆಯ ಬದಿಯಲ್ಲೇ ಇತ್ತು. ರಜೆ ಸಿಕ್ಕಿದಾಗಲೆಲ್ಲ ಅಲ್ಲಿ ಉಳಿದು, ಬೆಳಿಗ್ಗೆ ಮಂಡಿಯವರೆಗಿನ ನೀರಿಗೆ ಇಳಿದು, ಮರಳು ಜಾಲಿಸಿ, ಬೆರಳ ತುದಿಯಷ್ಟೇ ಇರುವ ಚಿಪ್ಪುಗಳನ್ನು ಎಣಿಸಿ, ಮತ್ತೆ ನೀರಿಗೇ ಬಿಟ್ಟು ಬರುತ್ತಿದ್ದಳು. ದಂಡೆಯಲ್ಲಿ ಬಟ್ಟೆ ಒಗೆಯುವವರು, ಓದಿ ಓದಿ ತಲೆ ಕೆಟ್ಟಿದೆ ಪಾಪ ಎನ್ನುತ್ತಿದ್ದರು. ಮರಳು ತೆಗೆಯುವ ದೋಣಿಗಳು ಬಂದ ಮೇಲೆ ಚಿಪ್ಪು ಸಿಗುವುದೇ ನಿಂತಿತು. ಆಗಲೂ ಇಳಿದಳು, ಜಾಲಿಸಿದಳು, ಸೊನ್ನೆ ಎಂದು ಬರೆದಳು. ಸರ್ ಬೆರಳು ಅಲ್ಲಿಗೆ ಬಂದು ನಿಂತಿತು. "ಈ ಸೊನ್ನೆಗಳು ನನಗೆ ಇಷ್ಟವಾದವು" ಎಂದರು. "ಸೊನ್ನೆ ಬರೆಯಲಿಕ್ಕೆ ಜನರಿಗೆ ಕೈ ಬರುವುದಿಲ್ಲ." ದೀಪಶ್ರೀ ಶರಬತ್ತಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗಲೇ ಹೊರಗಿನಿಂದ ಹುಂಜ ಕೂಗಿತು, ಒಂದು ಸಲ, ಗಂಟಲು ತುಂಬಿ.

"ಕೋಳಿ ಕೂಗಿತಲ್ಲ, ಇಲ್ಲೇ ಹತ್ತಿರ" ಎಂದರು ಮುದುಕಿ. ಸರ್ ಹಾಳೆಯಿಂದ ಕಣ್ಣೆತ್ತಿ, ತಾಯಿಯ ಕಡೆಗಲ್ಲ, ಅವಳ ಕಡೆ ನೋಡಿದರು. "ಯಾರಾದರೂ ತಂದಿರಬಹುದು ಅಮ್ಮ" ಎಂದರು. ಹೇಳಿದ ಮೇಲೂ ನೋಡುತ್ತಲೇ ಇದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿ ತಾನಾಗಿ ಕೈಯೆತ್ತಲಿ ಎಂದು ಕಾಯುವ ಮೇಷ್ಟ್ರ ನೋಟ ಅದು. ಆದರೆ ದೀಪಶ್ರೀಗೆ ಹಾಗೆ ತೋರಿದ್ದು ಬಹಳ ತಡವಾಗಿ. ಆಗ ಅವಳಿಗೆ ತೋರಿದ್ದು ಒಂದೇ, ಇನ್ನೊಮ್ಮೆ ಅದು ಕೂಗಿದರೆ ಎಲ್ಲ ಮುಗಿಯಿತು ಎಂದು. ಸೊನ್ನೆಗಳನ್ನು ಮೆಚ್ಚಿದ ಈ ಮನುಷ್ಯ ಎದ್ದು ಹೊರಗೆ ಹೋಗುತ್ತಾರೆ, ಕ್ರೋಟನ್ ಗಿಡ ಸರಿಸುತ್ತಾರೆ, ಕೊಯ್ದು ತಿನ್ನಲಿ ಎಂದು ತಂದ ಜೀವವನ್ನು ನೋಡುತ್ತಾರೆ. ಮುದುಕಿ ಆ ಲೋಟವನ್ನು ಆಮೇಲೆ ಎಷ್ಟು ಸಲ ತೊಳೆಯುತ್ತಾರೋ. ಫೋನ್ ತೆಗೆದು ನೋಡಿದಳು. ಬಸ್ ಹತ್ತುವಾಗಲೇ ಸೈಲೆಂಟಿಗೆ ಹಾಕಿದ್ದರಲ್ಲಿ ಅಪ್ಪನ ಮಿಸ್ಡ್ ಕಾಲುಗಳು ಸಾಲಾಗಿ ಇದ್ದವು. ಹೋದೆಯಾ, ಕೊಟ್ಟೆಯಾ, ಏನೆಂದರು, ಇದನ್ನು ಕೇಳಲಿಕ್ಕೆ ಎಷ್ಟು ಸಲ ಮಾಡುವುದು ಎಂದು ರೇಗಿತು. ಅಪ್ಪನ ಫೋನ್ ಸರ್, ಒಂದು ನಿಮಿಷ ಎಂದು ಎದ್ದಳು. ಮಾತಾಡಿ ಮಾತಾಡಿ, ಅವರ ಹತ್ತಿರ ಮಾತಾಡಿ ಎಂದು ಸರ್ ಎರಡು ಸಲ ಹೇಳಿದರು.

ಅಂಗಳಕ್ಕೆ ಇಳಿದು ಫೋನನ್ನು ಕಿವಿಗೆ ಇಟ್ಟುಕೊಂಡೇ ಗಿಡಗಳ ಹಿಂದೆ ಹೋದಳು. ಬಿಸಿಲು ಈಗ ಆ ಗೋಡೆಗೇ ಬಿದ್ದಿತ್ತು. ಹುಂಜ ಬಾಯಿ ತೆರೆದು ಉಸಿರಾಡುತ್ತಿತ್ತು. ಅಪ್ಪನಿಗೆ ಫೋನ್ ಮಾಡಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಅದರ ತಲೆಯನ್ನು ಒತ್ತಿ ತೂತಿನೊಳಗೆ ನೂಕಿದಳು. ಅದು ಕೈಗೆ ಕುಕ್ಕಿತು. ಇನ್ನಷ್ಟು ಒತ್ತಿದಳು. ತೂತಿದ್ದ ಕಡೆಯನ್ನು ಹಿಡಿದು ತಿರುಚಿ, ಬ್ಯಾಗಿನ ಬಾರಿಗೆ ಕಟ್ಟಿದ್ದ ದಾರ ಬಿಚ್ಚಿ ಸುತ್ತಿ ಗಂಟು ಹಾಕಿದಳು. ಚೀಲ ಸ್ವಲ್ಪ ಹೊತ್ತು ಹೊರಳಾಡಿತು. ಅರ್ಧ ಗಂಟೆ, ಅಷ್ಟೆ, ಅರ್ಧ ಗಂಟೆಯಲ್ಲಿ ಬಂದು ಬಿಚ್ಚುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳಿದಳು, ಕೋಳಿಗೋ ತನಗೋ. ಮರಳಿ ಬರುವಾಗ ಬಟ್ಟೆ ಕಟ್ಟಿದ ನಲ್ಲಿಯಲ್ಲಿ ಕೈ ತೊಳೆದುಕೊಂಡಳು.

ಆಮೇಲಿನದೆಲ್ಲ ಅವಳು ಎಷ್ಟೋ ದಿನ ಕನಸು ಕಂಡ ಹಾಗೆಯೇ ನಡೆಯಿತು. ಸರ್ ತಮ್ಮ ಕೊನೆಯ ವಿದ್ಯಾರ್ಥಿಯ ಕತೆ ಹೇಳಿದರು. ಬುದ್ಧಿವಂತ, ತಿಂಗಳು ತಿಂಗಳೂ ಹೊಳೆಯ ನೀರಿನ ಲೆಕ್ಕ ತಂದು ಕೊಡುತ್ತಿದ್ದ, ಚೆಂದದ ಅಕ್ಷರದಲ್ಲಿ. ಒಂದು ದಿನದ ಲೆಕ್ಕ ನೋಡಿದಾಗ ಸರ್‌ಗೆ ನೆನಪಾಯಿತು, ಆ ದಿನ ಹೊಳೆ ರಸ್ತೆಗೆ ಬಂದಿತ್ತು, ದಂಡೆ ಇದ್ದದ್ದೇ ಎಲ್ಲೆಂದು ಗೊತ್ತಿರಲಿಲ್ಲ. ರೂಮಿನಲ್ಲಿ ಕೂತು ಬರೆದದ್ದು ಅಷ್ಟೂ. "ಇಳಿಯಲಿಕ್ಕೆ ಆಗಲಿಲ್ಲ ಅಂತ ಬರೆದಿದ್ದರೆ ಸಾಕಿತ್ತು. ನಾನೇನು ಅವನನ್ನು ತಿನ್ನುತ್ತಿದ್ದೆನಾ?" ಎಂದರು. ಆಮೇಲೆ ಯಾರನ್ನೂ ತೆಗೆದುಕೊಂಡಿರಲಿಲ್ಲವಂತೆ. ರಿಟೈರ್ ಆಗುವ ಮೊದಲು ಒಬ್ಬರನ್ನು ತೆಗೆದುಕೊಳ್ಳಬಹುದು. "ನನಗೆ ನಿಮ್ಮ ಇಂಗ್ಲಿಷ್ ಬೇಡ, ಮಾರ್ಕೂ ಬೇಡ. ಕಂಡದ್ದನ್ನು ಕಂಡ ಹಾಗೆ, ತಪ್ಪಿದ್ದನ್ನು ತಪ್ಪಿತು ಅಂತ ಹೇಳುವವರು ಒಬ್ಬರು ಬೇಕು. ನಾಳೆ ಸೋಮವಾರ ಡಿಪಾರ್ಟ್‌ಮೆಂಟಿಗೆ ಬನ್ನಿ, ಸಹಿ ಹಾಕಿಕೊಡ್ತೇನೆ." ನಾನು ಹಾಗಲ್ಲ ಸರ್, ಎಂದಳು ದೀಪಶ್ರೀ. ಹೇಳುವಾಗ ಅವಳ ಎದೆಯಲ್ಲಿ ನಿಜವಾದ ಹೆಮ್ಮೆ ಇತ್ತು. ಚಳಿಗಾಲದ ಬೆಳಿಗ್ಗೆ ಹೊಳೆಗೆ ಇಳಿದು ಸೊನ್ನೆ ಬರೆದವಳು ಅವಳೇ ಅಲ್ಲವೇ. ಸಂತೋಷ ತಡೆಯಲಾಗದೆ ಮುದುಕಿಯ ಕಾಲು ಮುಟ್ಟಿದಳು. ಆ ಹೊತ್ತಿನಲ್ಲಿ, ದೇವರಾಣೆಗೂ, ಗೇಟಿನ ಬದಿಯ ಚೀಲ ಅವಳ ನೆನಪಿನಲ್ಲಿರಲಿಲ್ಲ.

ನೆನಪಾದದ್ದು ಸರ್ ಚಪ್ಪಲಿ ಹಾಕಿಕೊಂಡು ಅವಳೊಂದಿಗೆ ಅಂಗಳಕ್ಕೆ ಇಳಿದಾಗ. ಅವರು ಒಳಗೆ ಹೋದ ಮೇಲೆ ಮೆಲ್ಲನೆ ಚೀಲ ಎತ್ತಿಕೊಳ್ಳುವ ಎಂದುಕೊಂಡಳು. ಅವರು ಗೇಟಿನವರೆಗೂ ಬಂದರು. ಗೇಟಿನಲ್ಲಿ ನಿಂತು ಬಸ್ಸಿನ ಹೊತ್ತು ಹೇಳಿದರು, ಮಳೆಗಾಲದಲ್ಲಿ ನರಿಕೊಂಬಿನಲ್ಲಿ ಹೊಳೆಗೆ ಒಬ್ಬಳೇ ಇಳಿಯಬಾರದು ಎಂದರು. ಆಮೇಲೆ ಕ್ರೋಟನ್ ಗಿಡಗಳ ಕಡೆ ನೋಡಿ, ಮೆಲುವಾಗಿ, ಅವಳಿಗೆ ಕಷ್ಟವಾಗದ ಹಾಗೆ, "ಈ ಚೀಲ ನಿಮ್ಮದಾ?" ಎಂದು ಕೇಳಿದರು.

ಹೌದು ಎನ್ನಲು ಒಂದೇ ಶಬ್ದ ಸಾಕಿತ್ತು. ನಾಲಿಗೆಯ ತುದಿಯವರೆಗೂ ಅದು ಬಂದಿತ್ತು. ಅದರ ಹಿಂದೆಯೇ ಗಂಟು ಬಂತು, ಒಳಗೆ ನೂಕಿದ ತಲೆ ಬಂತು, ಆಗ ಬ್ಯಾಗು ಮಾತ್ರ ಎಂದು ಹೇಳಿದ ಮಾತು ಬಂತು. ಅಷ್ಟನ್ನೂ ಬಿಡಿಸಿ ಹೇಳಬೇಕು, ಈಗ, ಸಿಕ್ಕಿದ ಸೋಮವಾರವನ್ನು ಕೈಯಲ್ಲಿ ಹಿಡಿದುಕೊಂಡು. "ಅಲ್ಲ ಸರ್" ಎಂದಳು. "ನನ್ನದಲ್ಲ." "ಬೇರೆ ಏನಾದರೂ ಹೇಳಲಿಕ್ಕೆ ಉಂಟಾ?" ಎಂದರು. ಇಲ್ಲ ಸರ್, ಥ್ಯಾಂಕ್ಯೂ ಸರ್. ಅವರು ತಲೆಯಾಡಿಸಿದರು. ಅವಳು ರಸ್ತೆಗೆ ಬಂದು, ಹಿಂದೆ ತಿರುಗದೆ, ಎರಡೂ ಕೈ ಬೀಸಿಕೊಂಡು ನಡೆದಳು. ಕೈ ಅಷ್ಟು ಹಗುರವಾಗಿ ಬೀಸುತ್ತಿರುವುದು ಅವಳಿಗೇ ವಿಚಿತ್ರವೆನಿಸಿತು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅವರು ಒಳಗೆ ಹೋಗಿರುತ್ತಾರೆ, ಚೀಲ ಯಾರೋ ಬಿಟ್ಟುಹೋದದ್ದು ಎಂದು ಬಿಚ್ಚಿರುತ್ತಾರೆ, ಜೈನರಲ್ಲವೇ, ನೀರು ಕೊಟ್ಟು ತೋಟಕ್ಕೆ ಬಿಟ್ಟಿರುತ್ತಾರೆ, ಅಪ್ಪನ ಕೈಯಲ್ಲಿ ಸಾಯುವುದಕ್ಕಿಂತ ಅದರ ಬಾಳು ಅಲ್ಲೇ ಚೆನ್ನಾಗಿರುತ್ತದೆ. ಹೀಗೆ ಹೇಳಿಕೊಳ್ಳುತ್ತಲೇ ಹೋದಳು. ವೇಣೂರಿನ ಹತ್ತಿರ ಫೋನ್ ಅಲುಗಿತು. ಸರ್ ವಾಟ್ಸಾಪ್. ಗೇಟಿನ ಹತ್ತಿರ ಇದ್ದ ಚೀಲದ ಬಗ್ಗೆ ನಿಮಗೆ ಏನಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ, ತಪ್ಪು ತಿಳಿಯುವುದಿಲ್ಲ ಎಂದಿತ್ತು. ಅವಳು ಬರೆದಳು, ಕ್ಷಮಿಸಿ ಸರ್, ಅದು ನನ್ನದೇ, ಅಪ್ಪ ಪ್ರೀತಿಯಿಂದ ಕೊಟ್ಟದ್ದು. ಓದಿ ನೋಡಿದಳು. ಪ್ರತಿಯೊಂದು ಶಬ್ದವೂ ಅವಳನ್ನು ಮೊದಲೇ ಸುಳ್ಳುಗಾತಿ ಎನ್ನುತ್ತಿತ್ತು. ಅವರಿಗೆ ಸಂಶಯ ಇರಬಹುದು, ಆದರೆ ಗೊತ್ತಾಗುವುದು ಹೇಗೆ, ಕಂಡವರು ಯಾರು. ಎಲ್ಲ ಅಳಿಸಿ, ಇಲ್ಲ ಸರ್, ನನಗೆ ಏನೂ ಗೊತ್ತಿಲ್ಲ ಎಂದು ಬರೆದು, ಕೈ ಹಿಂದೆಗೆಯುವ ಮೊದಲೇ ಕಳಿಸಿಬಿಟ್ಟಳು. ಎರಡು ಗೀರು ನೀಲಿಯಾದವು. ಉತ್ತರ ಬರಲಿಲ್ಲ. ಗುರುವಾಯನಕೆರೆಯಲ್ಲಿ ಬಸ್ ಬದಲಾಯಿಸಿ, ಗುಡ್ಡದ ರಸ್ತೆ ಹತ್ತಿದ ಮೇಲೆ ರೇಂಜ್ ಹೋಯಿತು. ಆಗ ಸ್ವಲ್ಪ ನೆಮ್ಮದಿಯಾಯಿತು.

ಮನೆ ಮುಟ್ಟುವಾಗ ಮಬ್ಬು ಇಳಿದಿತ್ತು. ಅಮ್ಮ ಲೋಲಾಕ್ಷಿ ಚಾವಡಿಯಲ್ಲಿ ಬೀಡಿಯೆಲೆಯ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅಪ್ಪ ಸ್ನಾನ ಮಾಡಿ, ಒಗೆದ ಲುಂಗಿ ಉಟ್ಟು, ಯಾರೋ ನೆಂಟರು ಬರುವವರಿದ್ದಾರೆ ಎನ್ನುವಂತೆ ಮೆಟ್ಟಿಲಲ್ಲೇ ಕೂತಿದ್ದ. ಅವಳ ಕೈ ನೋಡಿದ. "ಒಪ್ಪಿದರಾ?" ಎಂದ. ಒಪ್ಪಿದರು ಎಂದಳು. ನಾಳೆಯೇ ಬರಲಿಕ್ಕೆ ಹೇಳಿದ್ದಾರೆ ಎಂದಳು. ಅಪ್ಪ ಎದ್ದು ನಿಂತು ದೈವದ ಗುಡಿಯಿರುವ ದಿಕ್ಕಿಗೆ ಕೈಮುಗಿದ. ಕೂತ. ಮತ್ತೆ ಎದ್ದ. "ಹುಂಜವನ್ನು ಅವರೇ ಇಟ್ಟುಕೊಂಡರಾ ಹಾಗಾದರೆ? ವಾಪಸ್ ಕಳಿಸ್ತೇನೆ ಅಂದಿದ್ದರಲ್ಲ ನನ್ನ ಹತ್ತಿರ."

ಯಾರ ಹತ್ತಿರ, ಎಂದಳು.

"ನನ್ನ ಹತ್ತಿರ, ಮತ್ತೆ ಯಾರ ಹತ್ತಿರ? ನೀನು ಬಸ್ ಹತ್ತಿದ ಕೂಡಲೇ ಫೋನ್ ಮಾಡಿದೆ ನಾನು. ನಂಬರ್ ಇತ್ತಲ್ಲ ಇದರಲ್ಲಿ. ಮಗಳು ಬರ್ತಾ ಇದ್ದಾಳೆ ಸರ್, ಕೈಯಲ್ಲಿ ಒಂದು ಹುಂಜ ಕೊಟ್ಟಿದ್ದೇನೆ, ಊರಿದ್ದೇ ಅಂತ. ನಗಾಡಿದರು ಮಾರಾಯ್ತಿ. ನಾವು ಜೈನರು ಗುರುವಪ್ಪರೇ, ತಿನ್ನುವವರಲ್ಲ, ಆದರೂ ನೀವು ನೆನೆಸಿಕೊಂಡಿರಲ್ಲ, ಬರಲಿ, ಅದಕ್ಕೂ ಒಂದು ಗುಟುಕು ನೀರು ಕೊಟ್ಟು ಮಗಳ ಜೊತೆ ವಾಪಸ್ ಕಳಿಸ್ತೇನೆ ಅಂದರು. ನನಗೆ ನಾಚಿಕೆಯಾಯಿತು. ನಿನಗೆ ಹೇಳುವ ಅಂತ ಎಷ್ಟು ಸಲ ಮಾಡಿದೆ, ನೀನು ತೆಗೆಯಲೇ ಇಲ್ಲ." ಅಪ್ಪ ನಗುತ್ತಲೇ ಹೇಳಿದ. ದೀಪಶ್ರೀ ಚಾವಡಿಯ ಕಂಬ ಹಿಡಿದುಕೊಂಡಳು. ಭಾರ ಹೊತ್ತುಕೊಂಡು ಬಂದಿರಾ. ಯಾರಾದರೂ ತಂದಿರಬಹುದು ಅಮ್ಮ. ಅವರ ಹತ್ತಿರ ಮಾತಾಡಿ. ಈ ಚೀಲ ನಿಮ್ಮದಾ. ಬೇರೆ ಏನಾದರೂ ಹೇಳಲಿಕ್ಕೆ ಉಂಟಾ. ತಪ್ಪು ತಿಳಿಯುವುದಿಲ್ಲ. ಎಷ್ಟು ಸಲ ಬಾಗಿಲು ತೆರೆದು ಹಿಡಿದಿದ್ದರು ಆ ಮನುಷ್ಯ. ಅವಳು ಒಂದೊಂದನ್ನೂ ತನ್ನ ಕೈಯಾರೆ ಮುಚ್ಚಿ ಬಂದಿದ್ದಳು.

ಅಪ್ಪನ ಫೋನ್ ಹೊಡೆದುಕೊಂಡಿತು. ಹೆಸರು ಓದಿ ಅಪ್ಪನ ಮುಖ ಅರಳಿತು. "ಸರ್ ಮಾಡ್ತಾ ಇದ್ದಾರೆ ನೋಡು" ಎಂದು ಲುಂಗಿ ಇಳಿಸಿ ಸರಿಮಾಡಿಕೊಂಡು, ಕನ್ನಡದಲ್ಲಿ, ಆಫೀಸಿನಲ್ಲಿ ಮಾತಾಡುವ ಹಾಗೆ, ನಮಸ್ಕಾರ ಸರ್ ಎಂದ. ಆಮೇಲೆ ಆ ಕಡೆಯ ಮಾತು ಕೇಳಿದ. ಅಮ್ಮನ ಕೈ ನಿಂತಿತು. ಅಪ್ಪ ಮಗಳ ಕಡೆ ನೋಡಲಿಲ್ಲ, ಅಂಗಳದ ಕತ್ತಲೆಯ ಕಡೆ ತಿರುಗಿ ನಿಂತ. "ಇಲ್ಲ ಸರ್" ಎಂದ. "ಅದು ನನ್ನ ತಪ್ಪು ಸರ್. ಚೀಲ ಬಿಗಿಯಾಗಿ ಕಟ್ಟಿದ್ದು ನಾನೇ. ಅವಳಿಗೆ ಏನೂ ಗೊತ್ತಿಲ್ಲ. ಅವಳು ಸುಳ್ಳು ಹೇಳುವವಳಲ್ಲ ಸರ್, ಬೇಕಾದರೆ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ." ಮತ್ತೆ ಕೇಳಿದ. ಆಯ್ತು ಸರ್ ಎಂದ. ಆ ಕಡೆ ಫೋನ್ ಇಟ್ಟ ಮೇಲೂ ಇನ್ನೊಮ್ಮೆ ಆಯ್ತು ಎಂದ.

"ಆಗುವುದಿಲ್ಲವಂತೆ" ಎಂದ. ಚೀಲ ಬಿಚ್ಚುವಾಗ ಜೀವ ಹೋಗಿತ್ತಂತೆ. ತೋಟದ ಮೂಲೆಯಲ್ಲಿ ಸರ್ ಅವರೇ ಗುಂಡಿ ತೋಡಿ ಹುಗಿದರಂತೆ. ಅವರ ತಾಯಿ ಇವತ್ತು ಊಟ ಮಾಡಲಿಲ್ಲವಂತೆ. ಇಷ್ಟನ್ನು ಅವನು ಪೇಪರ್ ಓದುವವನಂತೆ ಹೇಳಿದ. ಅಮ್ಮ ಮೊರವನ್ನು ಕೆಳಗಿಟ್ಟಳು. "ಅದೆಲ್ಲ ಒಂದು ನೆಪ" ಎಂದಳು. "ಅವರು ಅವರವರಿಗೇ ಕೊಡುವುದು. ನಮಗೆಲ್ಲ ಎಲ್ಲಿ ಸಿಗ್ತದೆ?" ಹಾಗಲ್ಲ ಅಮ್ಮ ಎನ್ನಬೇಕಿತ್ತು ದೀಪಶ್ರೀ. ಈ ಮೂರು ವರ್ಷದಲ್ಲಿ ಹಾಗಲ್ಲದೆ ನಡೆದುಕೊಂಡವರು ಅವರೊಬ್ಬರೇ ಎನ್ನಬೇಕಿತ್ತು. ಹೇಳಲಿಲ್ಲ. ಅಮ್ಮ ಅದನ್ನು ಹೂಂ ಎಂದು ತಿಳಿದುಕೊಂಡು, ಒಳಗೆ ಹೋಗಿ ಅವಳಿಗೆ ಗಂಜಿ ಬಡಿಸತೊಡಗಿದಳು. ಅಪ್ಪ ಗೂಡಿನ ಬಾಗಿಲು ಹಾಕಲು ಇಳಿದವನು ಅರ್ಧ ಅಂಗಳದಲ್ಲಿ ನಿಂತ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ನೆನಪಿನ ಮೇಲೆಯೇ ಸಂಶಯ ಬಂದವನ ಹಾಗೆ ಕೇಳಿದ.

"ಕುತ್ತಿಗೆ ನಾನು ಹೊರಗೆ ಇಟ್ಟಿದ್ದೆ, ಅಲ್ವಾ ಮಗಾ?"